ಎಂಟು ಹೆಜ್ಜೆಯ ವಿಮಾನ ಪ್ರಯಾಣ

ಮಕ್ಕಳೇ, ಕರ್ನೂಲಿನಿಂದ ವಿಜಯವಾಡಕ್ಕೆ ವಿಮಾನದಲ್ಲಿ ಒಂದೇ ತಾಸು. ಮಕ್ತಲದ ನಮ್ಮ ಮನೆಯಿಂದ ಕರ್ನೂಲಿನ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಮೂರು ತಾಸು. ಕೂಡಿಸಿದರೆ ನಾಲ್ಕು. ಊರ ಶಾಲೆಯಲ್ಲಿ ಕಲಿತ ಲೆಕ್ಕ ಇಷ್ಟಕ್ಕೆ ಸಾಕೆಂದು ನಂಬಿದ್ದೆ.

ವಿಜಯವಾಡದಲ್ಲಿ ನಿಮ್ಮ ಸುಜಾತಕ್ಕನ ಕೂಸಿಗೆ ಸೋಮವಾರ ಸಂಜೆ ನಾಮಕರಣ. ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಹಿರಿಯಳಾದ ನಾನು. ಆದರೆ ಸೋಮವಾರ ಮೂಡಣಕ್ಕೆ ಹೊರಡಬಾರದು. ಅದಕ್ಕೆ ನಮ್ಮಲ್ಲಿ ಉಪಾಯವಿದೆ. ಹಿಂದಿನ ದಿನವೇ ಅರಿಸಿನ, ಅಕ್ಕಿ, ಒಂದು ಬಟ್ಟೆ ಗಂಟು ಕಟ್ಟಿ ನೆರೆಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಅದೇ ಪ್ರಸ್ಥಾನ. ಮರುದಿನ ಗಂಟು ಎತ್ತಿಕೊಂಡು ನಡೆದರಾಯಿತು. ದಿಕ್ಕಿಗೆ ತಿಳಿಯುವುದಿಲ್ಲ.

ಬಸ್ಸಿಗಾದರೆ ಅರಿಸಿನ, ಅಕ್ಕಿ ಸಾಕು. ವಿಮಾನಕ್ಕೆ ಗಟ್ಟಿ ಪ್ರಸ್ಥಾನ ಬೇಡವೇ? ಗಂಟಿನಲ್ಲಿ ಆಧಾರ್ ಕಾರ್ಡನ್ನೂ ಇಟ್ಟೆ. ಇಂಥ ಬುದ್ಧಿ ಎಲ್ಲರಿಗೂ ಹೊಳೆಯುವುದಿಲ್ಲ!

ಎಂಟು ಹೆಜ್ಜೆ ಆಚೆ ಶಾಂತಮ್ಮನ ಮನೆ. ಭಾನುವಾರವೇ ಗಂಟು ಅಲ್ಲಿಗೆ ಒಯ್ದೆ.

"ಎಲ್ಲಿಗೆ ಹೊಂಟೀರಿ ಅಕ್ಕಾರ?"

"ಇಲ್ಲೇ, ಊರಿಗೆ," ಎಂದೆ. ಈ ವಯಸ್ಸಿನಲ್ಲಿ ವಿಮಾನ ಹತ್ತುತ್ತೇನೆಂದು ಹೇಳಲು ನಾಚಿಕೆ.

ಬೆಳಿಗ್ಗೆ ಮೈದುನ ಮಲ್ಲೇಶಪ್ಪ ಕಾರು ತಂದ. ಶಾಂತಮ್ಮನ ಬಾಗಿಲಿಗೆ ಬೀಗ. ಫೋನು ಮಾಡಿದರೆ ಆಕೆ ಗದ್ವಾಲದ ಮಗಳ ಮನೆಯಲ್ಲಿದ್ದಳು.

"ಮೊಮ್ಮಗಳಿಗೆ ಜ್ವರ ಅಂತ ಮೊದಲನೇ ಬಸ್ಸಿಗೇ ಬಂದೀನ್ರಿ. ಅಕ್ಕಿ ಗಂಟು ದೇವರ ಮನ್ಯಾಗ ಐತಿ, ಏನೂ ಆಗಂಗಿಲ್ಲ ಬಿಡ್ರಿ."

"ವೈನಿ, ಆಧಾರ್ ಫೋನಿನಾಗ ತೆಗೀಬೋದು," ಎಂದ ಮಲ್ಲೇಶಪ್ಪ. ಅದಕ್ಕೆ ಓಟಿಪಿ ಬರುವ ಫೋನ್ ನಂಬರು ತೀರಿಹೋದ ನಿಮ್ಮ ಅಜ್ಜನದು. ಅದು ಅವರ ಹಿಂದೆಯೇ ಹೋಗಿತ್ತು.

"ಮತ್ತ ಬೀಗ ಮುರಿಯೂಣೇನು?"

"ಮಂದಿ ಮನಿ ಬೀಗ ಮುರದು ಹೆಸರಿಡಾಕ ಹೋಗಬೇಕೇನೋ?"

ಹಾಗಾಗಿ ಜುರಾಲ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋದೆವು. ಕೀಲಿ ತೆಗೆದುಕೊಂಡು ಅಣೆಕಟ್ಟು ದಾಟಿ ಮಕ್ತಲಕ್ಕೆ ಬಂದೆವು. ಗಂಟು ಹಿಡಿದು ಮೂರನೆಯ ಸಲ ದಾಟಿದೆವು. ಕರ್ನೂಲಿನ ದಾರಿಯಲ್ಲೇ ಇದ್ದ ಗದ್ವಾಲದಲ್ಲಿ ಕೀಲಿ ಕೊಡಲು ನಿಂತಾಗ ಶಾಂತಮ್ಮ ಚಹಾ ತಂದಳು.

"ವಿಮಾನ ಅಂತ ಒಂದು ಮಾತು ಹೇಳಿದ್ರ ನಾನೇನು ಟಿಕೀಟು ಕೇಳತಿದ್ನೇನ್ರಿ?"

"ಚಾ ಕುಡೀರಿ ವೈನಿ," ಎಂದ ಮಲ್ಲೇಶಪ್ಪ. "ಪೈಲಟ್‌ನೂ ತನ್ನ ಗಂಟು ಯಾರ ಮನ್ಯಾಗರ ಇಟ್ಟಿರತಾನ."

ಪೈಲಟ್ ಅಂಥ ಆಚಾರವಂತನಲ್ಲ. ನಾವು ತಲುಪುವ ಹೊತ್ತಿಗೆ ವಿಮಾನ ನಮ್ಮ ತಲೆಯ ಮೇಲೆಯೇ ಮೂಡಣಕ್ಕೆ ಹಾರಿತು. ನಾನು ಗಂಟು ಬಿಚ್ಚಿ, ಅಕ್ಕಿ ಕೊಡವಿ, ಕಾರ್ಡನ್ನು ಗೇಟಿನ ಕಾವಲುಗಾರನಿಗೆ ಕೊಟ್ಟೆ. ಆತ ಫೋಟೋ ನೋಡಿದ, ನನ್ನ ಮುಖ ನೋಡಿದ.

"ಕಾರ್ಡು ಕರೆಕ್ಟೇ ಅಮ್ಮಾ. ವಿಮಾನಮೇ ಲೇದು," ಎಂದ ತೆಲುಗಿನಲ್ಲಿ. ವಿಮಾನವೇ ಇಲ್ಲವಂತೆ!

ಕರ್ನೂಲಿನಿಂದ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ವಿಜಯವಾಡ ಮುಟ್ಟಿದೆ. ಹೆಸರನ್ನು ಹಿಂದಿನ ಸಂಜೆಯೇ ಕೂಸಿನ ಇನ್ನೊಬ್ಬ ಮುತ್ತಜ್ಜಿ ಹೇಳಿ ಮುಗಿಸಿದ್ದಳು. ಆಕೆ ಅದೇ ಬೀದಿಯವಳು, ನಡೆದೇ ಬಂದಿದ್ದಳಂತೆ.

ಆದರೂ ನಾನು ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದೆ. ಅದು ಕಣ್ಣು ತೆರೆದು ನನ್ನನ್ನು ನೋಡಿ, ದೊಡ್ಡದಾಗಿ ಆಕಳಿಸಿತು. ಕೂಸಿಗೆ ಅದು ನಿನ್ನೆಯ ಸುದ್ದಿ.