ಮೊಣಕೈ ನೋಡುವ ಶನಿವಾರಗಳು

ಅಳಬೇಕಾದ ಹೊತ್ತಿಗೇ ನಗು ಬರುವಂಥ ಪ್ರಸಂಗಗಳು ಕೆಲವರ ಬೆನ್ನು ಬಿಡುವುದಿಲ್ಲ. ಆ ಕೆಲವರಲ್ಲಿ ನಾನೂ ಒಬ್ಬಳು. ಹುಟ್ಟಿದ್ದು ಹುಬ್ಬಳ್ಳಿ, ಈಗ ಮನೆ ಐರ್ಲೆಂಡಿನ ನೇಸ್ ಊರಲ್ಲಿ, ಕೆಲಸ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ. ಸೋಮವಾರದಿಂದ ಶುಕ್ರವಾರದ ತನಕ ಬಿದ್ದವರನ್ನು ಎಬ್ಬಿಸಿ ನಿಲ್ಲಿಸುತ್ತೇನೆ. ಶನಿವಾರ ನಿಂತವರನ್ನು ಬೀಳಿಸುತ್ತೇನೆ.

ಶನಿವಾರದ ಕೆಲಸ ಗಂಟುಬಿದ್ದಿದ್ದು ಒಬ್ಬ ಅಮೆರಿಕನ್ ಹಿರಿಯರಿಂದ. ಭುಜ ಹಿಡಿದುಕೊಂಡಿದೆ ಅಂತ ನನ್ನ ಹತ್ತಿರ ಬಂದಿದ್ದರು. ಕಸುಬೇನು ಅಂತ ಕೇಳಿದೆ. "ಬೇಸ್‌ಬಾಲ್ ಸ್ಕೌಟ್," ಅಂದರು. ಅಂದರೆ, ಅಮೆರಿಕದ ಒಂದು ಕ್ಲಬ್ಬಿಗಾಗಿ ಬೇರೆ ದೇಶಗಳ ಹುಡುಗರನ್ನು ಹುಡುಕೋದು, ಓಡಿಸಿ, ಚೆಂಡು ಎಸೆಯಿಸಿ ನೋಡೋದು, ಹದಿನಾರು ತುಂಬಿದವರಲ್ಲಿ ಒಬ್ಬಿಬ್ಬರ ಸಹಿ ಹಾಕಿಸಿಕೊಂಡು ವಿಮಾನ ಹತ್ತಿಸೋದು.

"ಐರ್ಲೆಂಡಲ್ಲಿ ಬೇಸ್‌ಬಾಲ್ ಆಡೋರು ಎಷ್ಟು ಜನ ಇದಾರೆ?" ಅಂದೆ.

"ಆಡೋರು ಬೇಡ. ಎಸೆಯೋ ಕೈ ಇದ್ರೆ ಸಾಕು, ಆಟ ನಾವು ಕಲಿಸ್ತೀವಿ. ನಿಮಗೆ ಮೊಣಕೈ ಬಗ್ಗೆ ಗೊತ್ತಾ?"

"ಮೊಣಕೈ ನನ್ನ ಹೊಟ್ಟೆಪಾಡು."

ಅಲ್ಲಿಂದ ಶುರುವಾಯಿತು. ಸಾಹೇಬರು ಚೆಂಡಿನ ವೇಗ ಅಳೆಯುತ್ತಾರೆ, ನಾನು ಕೀಲು ಅಳೆಯುತ್ತೇನೆ. ನಾನು ಬರೆಯುವ ಒಂದು ಪುಟದ ಮೇಲೆ ಒಬ್ಬ ಹುಡುಗನ ಕನಸು ಉಳಿಯುತ್ತದೆ, ಇಲ್ಲ ಹೋಗುತ್ತದೆ. ಹೆಚ್ಚಾಗಿ ಹೋಗುತ್ತದೆ.

ಅಪ್ಪನ ಎತ್ತರ

ಸ್ಕೌಟುಗಳು ಮೊದಲು ನೋಡೋದು ಹುಡುಗನನ್ನಲ್ಲ, ಅವನ ಹೆತ್ತವರನ್ನು. ಹುಡುಗ ಇನ್ನೆಷ್ಟು ಉದ್ದ ಬೆಳೀತಾನೆ ಅನ್ನೋದಕ್ಕೆ ಅವರೇ ಜಾತಕ.

ಒಬ್ಬ ಹುಡುಗ ಬಂದ. ಕೈಯಲ್ಲಿ ಒಳ್ಳೇ ವೇಗ. ಆದರೆ ಗಿಡ್ಡ. ತಾಯಿ ಸಾಧಾರಣ ಎತ್ತರ. ಪಕ್ಕದಲ್ಲಿ ಥರ್ಮಾಸ್ ಹಿಡಿದು ನಿಂತಿದ್ದ ಅಪ್ಪ ನನಗಿಂತ ಎರಡು ಬೆರಳು ಕಡಿಮೆ. ನಾನೇ ಶಾಲೆಯಲ್ಲಿ ಮುಂದಿನ ಬೆಂಚಿನವಳು. ಸಾಹೇಬರು ಆ ಅಪ್ಪನನ್ನು ತಲೆಯಿಂದ ಬೂಟಿನ ತನಕ ನೋಡಿ, ದೂರ ಏನಿರಲಿಲ್ಲ, ಕಾಗದದಲ್ಲಿ "ಬೆಳೆಯೋದಿಲ್ಲ" ಅಂತ ಬರೆದರು.

ತಾಯಿ ಅದನ್ನು ತಲೆಕೆಳಗಾಗಿಯೇ ಓದಿಕೊಂಡಳು. ನಾನು ಸಾಮಾನು ತರೋಕೆ ಒಳಗೆ ಹೋದಾಗ ಹಿಂದೆಯೇ ಬಂದು ಬಾಗಿಲು ಹಾಕಿದಳು.

"ಅವರು ಅವನ ಅಪ್ಪ ಅಲ್ಲ."

ಕೈಗೆತ್ತಿಕೊಂಡಿದ್ದ ಸಾಮಾನು ಕೆಳಗಿಟ್ಟೆ.

"ಅಸಲಿ ಮನುಷ್ಯ ಆರಡಿ ನಾಲ್ಕಿಂಚು. ನಮ್ಮ ಮನೆ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರ್ತಿದ್ದ. ಬಿಟ್ಟು ಹೋದಾಗ ಮಾತ್ರ ತಗ್ಗಿಸಲಿಲ್ಲ."

"ನಿಮ್ಮ ಗಂಡನಿಗೆ ಗೊತ್ತಾ?"

"ಅವರಿಗೆ ಗೊತ್ತು. ಮಗನಿಗೆ ಗೊತ್ತಿಲ್ಲ. ದಯವಿಟ್ಟು ಬರ್ಕೊಳ್ಳಿ, ಆದರೆ ಅವನೆದುರು ಬಾಯಿ ಬಿಡಬೇಡಿ."

ಸಾಹೇಬರ ಕಿವಿಯಲ್ಲಿ ಹೇಳಿದೆ. ಹದಿನಾರು ವರ್ಷದ ಗುಟ್ಟು ಕೇಳಿ ಅವರು ಹುಬ್ಬು ಕೂಡ ಎತ್ತಲಿಲ್ಲ. "ಬೆಳೆಯೋದಿಲ್ಲ" ಅನ್ನೋದನ್ನು ಹೊಡೆದು "ಬೆಳೆಯಬಹುದು" ಅಂತ ಬರೆದರು, ಅಷ್ಟೇ.

ಹೊರಡುವಾಗ ಆ ಪುಟ್ಟ ಅಪ್ಪ ಥರ್ಮಾಸ್ ಹಿಡಿದುಕೊಂಡೇ ನನ್ನ ಹತ್ತಿರ ಬಂದ. ಮಗ ದೂರ ಇದ್ದಾನೆ ಅಂತ ಹಿಂತಿರುಗಿ ನೋಡಿ ಖಾತ್ರಿ ಮಾಡಿಕೊಂಡ.

"ಎತ್ತರದ ವಿಷಯ ಹೇಳಿದ್ಲಾ?"

ಹೌದು ಅಂತ ತಲೆ ಆಡಿಸಿದೆ.

"ಅಬ್ಬಾ, ಗ್ರ್ಯಾಂಡ್," ಅಂತ ಉಸಿರು ಬಿಟ್ಟ. "ಅವಳು ಹೇಳದಿದ್ರೆ ನಾನೇ ಹೇಳೋಣ ಅಂತ ಬೆಳಗ್ಗೆಯಿಂದ ಒದ್ದಾಡ್ತಿದ್ದೆ. ನನ್ನದೇನೂ ಅವನಿಗೆ ಬಂದಿಲ್ಲ ಅಂತ ದೇವರಿಗೆ ಥ್ಯಾಂಕ್ಸ್ ಹೇಳಿದ್ದು ಇವತ್ತೇ ಮೊದಲು."

ಜನವರಿ ಒಂದು

ಇನ್ನೊಬ್ಬ ಹುಡುಗ ಯುದ್ಧದ ದೇಶದಿಂದ ಚಿಕ್ಕವನಿದ್ದಾಗ ತಾಯಿ ಜೊತೆ ಬಂದವನು. ಕಾಗದದ ಪ್ರಕಾರ ಹದಿನಾರು ವರ್ಷ. ಹುಟ್ಟಿದ್ದು ಜನವರಿ ಒಂದು.

"ಈಚೆಗೆ ಇದು ಮೂರನೇ ಜನವರಿ ಒಂದು," ಅಂದರು ಸಾಹೇಬರು ಗುಮಾನಿಯಿಂದ. "ಅಲ್ಲಿ ಬೇರೆ ದಿನ ಯಾರೂ ಹುಟ್ಟೋದೇ ಇಲ್ವಾ?"

ನಾನು ವಿವರಿಸಿದೆ. ಕಾಗದಪತ್ರ ಇಲ್ಲದೆ ಓಡಿಬಂದವರಿಗೆ ಮೇಜಿನ ಹಿಂದೆ ಕೂತ ಅಧಿಕಾರಿ ಜನವರಿ ಒಂದು ಅಂತ ಬರೆದುಬಿಡುತ್ತಾನೆ. ಇದರಲ್ಲಿ ಮೋಸ ಏನಿಲ್ಲ, ನಮ್ಮ ಕಡೆ ಜೂನ್ ಒಂದು ಇದೆಯಲ್ಲ, ಹಾಗೇ. ಶಾಲೆ ಶುರುವಾಗೋದು ಜೂನ್‌ನಲ್ಲಿ. ಹುಟ್ಟಿದ ತಾರೀಕು ಕೇಳಿದರೆ ಮನೆಯವರು "ಆ ವರ್ಷ ನಮ್ಮ ಎಮ್ಮಿ ಸತ್ತಿತ್ತರೀ" ಅಂತಾರೆ. ಮಾಸ್ತರು ಬೆರಳು ಎಣಿಸಿ ಜೂನ್ ಒಂದು ಅಂತ ಬರೀತಾರೆ. ನಮ್ಮಪ್ಪ ಜೂನ್ ಒಂದು, ಚಿಕ್ಕಪ್ಪ ಜೂನ್ ಒಂದು, ನಾನೂ ಜೂನ್ ಒಂದು.

ಸಾಹೇಬರು ನನ್ನನ್ನೇ ನೋಡಿದರು. "ಹಾಗಾದ್ರೆ ನಿಮ್ಮ ವಯಸ್ಸೆಷ್ಟು ಅಂತ ನಿಮಗೇ ಗೊತ್ತಿಲ್ವಾ?"

"ಸುಮಾರಾಗಿ ಗೊತ್ತು."

"ಕ್ಲಬ್ಬಿಗೆ ಸುಮಾರು ಬೇಡ," ಅಂದರು. ಹುಡುಗನ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಪುಣ್ಯಕ್ಕೆ ನನ್ನದನ್ನು ಬಿಟ್ಟರು.

ಎಲುಬು ಬೆಳೆದು ಮುಗಿದಿತ್ತು. ಹತ್ತೊಂಬತ್ತರ ಆಸುಪಾಸು ಅಂತ ವರದಿ ಬಂತು. ಎಲುಬು ಪಂಚಾಂಗ ಅಲ್ಲ, ಆಚೀಚೆ ಆಗುತ್ತೆ ಅಂತ ನಾನು ಹೇಳಿ ನೋಡಿದೆ. ಆದರೆ ಹದಿನಾರರಲ್ಲಿ ಅಷ್ಟು ವೇಗ ಅಂದರೆ ಅದ್ಭುತ, ಹತ್ತೊಂಬತ್ತರಲ್ಲಿ ಅಷ್ಟೇ ವೇಗ ಅಂದರೆ ಯಾರಿಗೂ ಬೇಡದ್ದು. ಒಂದೇ ಕೈ, ಒಂದೇ ಚೆಂಡು.

ಸುದ್ದಿ ಹೇಳುವ ಕೆಲಸ ನನ್ನದು. ತಾಯಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಇಂಗ್ಲಿಷ್ ಬರೋದಿಲ್ಲ, ಹಾಗಾಗಿ ಹುಡುಗನೇ ದುಭಾಷಿ. ತಾನು ಬೇಡವಾದ ಸುದ್ದಿಯನ್ನು ತಾನೇ ಅವಳ ಭಾಷೆಗೆ ತಿರುಗಿಸಿ ಹೇಳಿದ. ಅವಳು ತಲೆ ಬಗ್ಗಿಸಿ ಬಹಳ ಹೊತ್ತು ಏನೋ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಸಪ್ಪಗಾದ.

"ಏನಂದ್ರು?"

"ನಾನು ಆರು ವರ್ಷದವನಿದ್ದೆನಂತೆ. ನಿರಾಶ್ರಿತರ ಡೇರೆಯಲ್ಲಿ ಹಾಲು ಕೊಡ್ತಿದ್ದಿದ್ದು ಮೂರು ವರ್ಷದ ತನಕದ ಮಕ್ಕಳಿಗೆ ಮಾತ್ರ. ಅದಕ್ಕೇ ಮೂರು ಅಂತ ಬರೆಸಿದಳಂತೆ."

ಹುಡುಗ ತಾಯಿಯ ಬೆನ್ನು ಸವರಿದ, ಮೂಗು ಒರೆಸಿಕೊಂಡ, ಏನೋ ಲೆಕ್ಕ ಹಾಕಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

"ಹತ್ತೊಂಬತ್ತು ಅಂದ್ರೆ, ಸೋಮವಾರದಿಂದ ಸ್ಕೂಲಿಗೆ ಹೋಗೋದು ಬೇಡ ತಾನೇ?"

ಕುದುರೆಯವರು

ಲೆಪರ್ಡ್ಸ್‌ಟೌನ್ ಕಡೆ ಒಂದು ಮೈದಾನದಲ್ಲಿ ಪರೀಕ್ಷೆ ಇಟ್ಟಿದ್ದೆವು. ಅಲ್ಲಿಂದ ರೇಸ್‌ಕೋರ್ಸ್ ಹತ್ತಿರ. ಬಂದ ಹುಡುಗನ ಅಪ್ಪ ಜೀವಮಾನವೆಲ್ಲ ಕುದುರೆ ಪಳಗಿಸಿದವನು. ನಾನು ಮಗನ ಕೈ ತಿರುಗಿಸಿದೆ, ಮೊಣಕೈ ಮಡಚಿದೆ, ಬೆನ್ನು ಬಗ್ಗಿಸಿದೆ. ಸಾಹೇಬರು ಅವನನ್ನು ಆ ಕಡೆಯಿಂದ ಈ ಕಡೆ ನಡೆಸಿದರು. ಅಪ್ಪ ಬೇಲಿಗೆ ಒರಗಿ ಎಲ್ಲ ನೋಡಿದ.

"ಹಲ್ಲು ನೋಡಲ್ವಾ?" ಅಂದ.

ನಾನು ನಕ್ಕೆ. ಅವನು ನಗಲಿಲ್ಲ. ಸಾಹೇಬರ ಹತ್ತಿರ ಹೋಗಿ ಕೇಳಿದ, "ಅಲ್ಲಿಗೆ ಹೋದ ಮೇಲೆ ಇವನ ಕೈ ಮುರಿದ್ರೆ ಏನ್ಮಾಡ್ತೀರಿ?"

"ಆಪರೇಶನ್ ಮಾಡಿಸ್ತೀವಿ."

"ಆಮೇಲೂ ಸರಿ ಹೋಗದಿದ್ರೆ?"

"ಬಿಡುಗಡೆ ಮಾಡಿ ಮನೆಗೆ ಕಳಿಸ್ತೀವಿ."

ಅಪ್ಪ ಮಗನ ಕೈ ಕಡೆ ನೋಡಿದ.

"ಕುದುರೆ ಕಾಲು ಮುರಿದ್ರೆ ನಾವು ಅಲ್ಲೇ ಸಾಯಿಸ್ತೀವಿ," ಅಂದ. "ಎಂಥಾ ಪಾಪ ಅಂತ ಇಷ್ಟು ದಿನ ಕೊರಗ್ತಿದ್ದೆ. ಪರವಾಗಿಲ್ಲ, ಕುದುರೆಗಾದ್ರೆ ವಾಪಸ್ ಬಂದು ಊರವರಿಗೆಲ್ಲ ಉತ್ತರ ಹೇಳೋ ಕಷ್ಟ ಇರಲ್ಲ."

ಮಗನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ. ಆ ವರ್ಷ ನಾನು ನೋಡಿದ ಅತಿ ಆರೋಗ್ಯವಂತ ಮೊಣಕೈ ಅದು.

ಬರೆದದ್ದು

ಕೊನೆಯದು ನಮ್ಮವರದೇ. ಗದಗ ಕಡೆಯ ಕುಟುಂಬ. ಅಪ್ಪ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಟೆಕ್ ಕೆಲಸ ಮಾಡುವವರು. ಹಿಂದಿನ ವರ್ಷ ಈದ್ ನಮಾಜಿನ ದಿನ ಭೇಟಿಯಾಗಿ ಪರಿಚಯ. ಮಗ ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಐರಿಷ್ ಇಂಗ್ಲಿಷಿನಲ್ಲಿ. ಎಡಗೈ ಹುಡುಗ. ಸಾಹೇಬರು ಅವನ ಎಸೆತ ನೋಡಿ ಎರಡು ಸಲ ವೇಗ ಅಳೆಯೋ ಮಷಿನ್ ಒರೆಸಿಕೊಂಡಿದ್ದರು. ಆರು ತಿಂಗಳಿಗೆ ಅಂತ ಊರಿಂದ ಬಂದಿದ್ದ ಅವನ ದಾದಿ, ಅಂದರೆ ಅಪ್ಪನ ಅಮ್ಮ, ಅವರೂ ಶಾಲು ಹೊದ್ದು ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಅಪ್ಪ ನನ್ನನ್ನು ಕಾರ್ ಪಾರ್ಕಿನಲ್ಲೇ ಹಿಡಿದರು. "ನೀವು ನಮ್ಮೋರು. ಏನೇ ಇರಲಿ, ಎಲ್ಲ ಸರಿ ಇದೆ ಅಂತ ಬರೀರಿ. ಮಿಕ್ಕಿದ್ದು ಅಲ್ಲಾಹ್ ನೋಡ್ಕೋತಾನೆ."

ಐದು ನಿಮಿಷಕ್ಕೆ ಮಗ ಪರೀಕ್ಷೆಯ ಮಂಚದ ಮೇಲೆ ಕೂತು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. "ಆಂಟೀ, ಪ್ಲೀಸ್, ಏನೋ ಕೆಟ್ಟೋಗಿದೆ ಅಂತ ಬರೀರಿ. ನಂಗೆ ಹೋಗೋಕೆ ಇಷ್ಟ ಇಲ್ಲ. ಅಪ್ಪಂಗೆ ಹೇಳೋಕೆ ಭಯ."

ಇಬ್ಬರಿಗೂ ಏನೂ ಹೇಳದೆ ಮೊಣಕೈ ಹಿಡಿದು ಮೆಲ್ಲಗೆ ಒತ್ತಿದೆ. ಒಳಬದಿ ಸಡಿಲ, ತಿರುಪು ಕಳಚಿದ ಬಾಗಿಲಿನ ಹಾಗೆ.

"ನೋವಿಲ್ವಾ?"

"ಎಸೆದ ಮೇಲೆ ಎರಡು ದಿನ ಇರುತ್ತೆ. ಎಲ್ಲರಿಗೂ ಇರುತ್ತಲ್ಲ?"

ಸ್ಕ್ಯಾನ್ ಮಾಡಿಸಿದೆವು. ಲಿಗಮೆಂಟ್ ಅರ್ಧ ಹರಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆ: ಸಹಿ ಬೇಡ, ಆರು ತಿಂಗಳು ಎಸೆಯಕೂಡದು.

ಅಪ್ಪ ಫೋನ್ ಮಾಡಿದರು. "ನಮ್ಮೋರೇ ನಮ್ಮೋರಿಗೆ ಕಲ್ಲು ಹಾಕೋದು ಅಂದ್ರೆ ಇದೇ. ಸುಳ್ಳು ಬರೆದು ನಿಮಗೇನು ಸಿಕ್ತು?" ಸ್ಕ್ಯಾನ್ ನೋಡಿ ಅಂದೆ. ಫೋನ್ ಇಟ್ಟರು. ಆಮೇಲೆ ಎದುರಾದರೂ ಮಾತಿಲ್ಲ, ಸಲಾಂ ಕೂಡ ಇಲ್ಲ.

ಮಗನಿಂದ ಮೆಸೇಜ್ ಬಂತು: "ಆಂಟೀ, ಯು ಆರ್ ಎ ಲೆಜೆಂಡ್." ನನಗೆ ಹೆದರಿಕೆಯಾಗಿ ಕೂಡಲೇ ಫೋನ್ ಮಾಡಿದೆ. "ನಾನು ಸುಳ್ಳು ಬರೆದಿಲ್ಲಪ್ಪಾ. ನಿನ್ನ ಕೈ ನಿಜವಾಗ್ಲೂ ಹರಿದಿದೆ."

"ಗೊತ್ತು, ಗೊತ್ತು," ಅಂತ ನಕ್ಕ. "ಸೂಪರ್ ಆಂಟೀ. ಫೋನಲ್ಲೂ ಬಿಟ್ಟುಕೊಡಬೇಡಿ."

ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಸ್ವಚ್ಛವಾದ ವರದಿ ಬರೆದಿಲ್ಲ. ಅಪ್ಪ ಮಗ ಇಬ್ಬರೂ ಅದು ಸುಳ್ಳು ಅಂತಲೇ ನಂಬಿದರು. ಒಬ್ಬರು ಬೈದರು, ಒಬ್ಬ ಥ್ಯಾಂಕ್ಸ್ ಹೇಳಿದ.

ಈದ್ ಆದ ಮೇಲಿನ ಭಾನುವಾರ ಪಾರ್ಕಿನಲ್ಲಿ ಎಲ್ಲ ಕುಟುಂಬಗಳೂ ಸೇರಿದ್ದೆವು. ಊಟ ಆಗಿ ಗಂಡಸರು, ಹುಡುಗರು ಕ್ರಿಕೆಟ್ ಶುರು ಮಾಡಿದರು. ನೋಡುತ್ತೇನೆ, ಆ ಎಡಗೈ ಹುಡುಗನೂ ಬೌಂಡರಿಯಲ್ಲಿ ನಿಂತಿದ್ದಾನೆ. ಚೆಂಡು ಅವನ ಕಡೆಗೇ ಉರುಳಿತು. ನಾನು ತಟ್ಟೆ ಬಿಟ್ಟು ಎದ್ದು ಕೂಗಿದೆ, "ಎಸೀಬೇಡ! ಉರುಳಿಸು, ಉರುಳಿಸು!"

ಅವನು ನನ್ನತ್ತ ನೋಡಿ ಕಣ್ಣು ಹೊಡೆದ. ಅಪ್ಪನೆದುರು ನಾಟಕ ಮಾಡುತ್ತಿದ್ದೇನೆ ಅಂದುಕೊಂಡ. ಎಡಗೈ ಎತ್ತಿ ಎಸೆದ.

ಸ್ಟಂಪ್ ಕಿತ್ತುಕೊಂಡು ಹಾರಿತು. ಎಲ್ಲರೂ ಔಟ್ ಔಟ್ ಅಂತ ಕುಣಿದರು. ಕುಣಿಯದೆ ನಿಂತವರು ನಾವಿಬ್ಬರೇ. ಅವನು ತನ್ನ ಕೈಯನ್ನು ಬೇರೆ ಯಾರದ್ದೋ ಕೈ ಅನ್ನೋ ಹಾಗೆ ನೋಡುತ್ತಿದ್ದ. ನಾನು ಓಡಿ ಹೋಗಿ ಅವನನ್ನು ಹುಲ್ಲಿನ ಮೇಲೆ ಕೂರಿಸಿದೆ. ಮುಖ ಸುಣ್ಣದ ಹಾಗಿತ್ತು.

"ಆಂಟೀ," ಅಂದ. ಅವನ ಬಾಯಲ್ಲಿ ಕನ್ನಡ ನಾನು ಕೇಳಿದ್ದು ಆಗಲೇ ಮೊದಲು. "ನೀವು ಸುಳ್ಳು ಬರ್ದಿದ್ರಿ ಅಲ್ವಾ?"

"ಇಲ್ಲಪ್ಪಾ."

ಅಪ್ಪ ಬಂದು ಪಕ್ಕದಲ್ಲಿ ಕುಸಿದು ಕೂತರು. ನಾನು ದುಪಟ್ಟಾ ಬಿಚ್ಚಿ ಕೈ ಕಟ್ಟುತ್ತಿದ್ದರೆ ನನ್ನನ್ನೇ ನೋಡಿ ಅತ್ತರು. "ಹರಿದಿದೆ ಅಂತ ಬರೆದ್ರಿ. ಹರೀತು. ನಿಮ್ಮ ಕೈಗುಣವೇ ಸರಿಯಿಲ್ಲ." ನಾನು ಗಂಟು ಬಿಗಿಮಾಡಿದೆ.

ಆಪರೇಶನ್ ಆಯಿತು. ಕೈ ಉಳಿಯಿತು, ಎಸೆಯೋ ಕೈ ಉಳಿಯಲಿಲ್ಲ. ಪೆನ್ನು ಹಿಡಿದು ಪರೀಕ್ಷೆ ಬರೆಯುವಷ್ಟಾದರೂ ಆಗಬೇಕಿತ್ತು, ಕಟ್ಟು ಬಿಚ್ಚಿದಾಗ ಮೊಣಕೈ ಸೆಟೆದು ನಿಂತಿತ್ತು. ವ್ಯಾಯಾಮಕ್ಕೆ ಕಳಿಸಿದರು. ಕಳಿಸಿದ್ದು ನನ್ನ ಹತ್ತಿರವೇ.

ಮೊದಲ ದಿನ ಮೂವರೂ ಬಂದರು. ಅಪ್ಪ ಬಾಗಿಲ ಹತ್ತಿರ ಗೋಡೆ ನೋಡುತ್ತಾ ನಿಂತರು. ಹುಡುಗ ಮಂಚದ ಮೇಲೆ. ದಾದಿ ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ. ನಾನು ಅವನ ಕೈ ಅಳೆದೆ. ಎಷ್ಟು ಮಡಚಿಸಿದರೂ ಅರ್ಧಕ್ಕೂ ಬರಲಿಲ್ಲ. ಫೈಲ್ ತೆರೆದು, ಪೆನ್ನು ತೆಗೆದು ಇನ್ನೇನು ಕಾಗದಕ್ಕೆ ಇಡಬೇಕು, ದಾದಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು.

"ತಡಿ ಬೇಟಿ," ಅಂದರು. "ನೀ ಬರೆದದ್ದೆಲ್ಲಾ ಖರೇನ ಆಗತೈತಿ. ಈ ಸಲ ಏನರ ಚಲೋದು ಬರಿ."