ತುತ್ತೂರಿಗೆ ಒತ್ತು ಕೊಟ್ಟ ಕಥೆ

ಭಾನುವಾರದ ಕಾರ್ಯಕ್ರಮದಲ್ಲಿ ನಮ್ಮ ಅಂಚೆ ಕಚೇರಿ ಬ್ಯಾಂಡಿನ ಮುಂದೆ ಒಬ್ಬನೇ ನಿಂತು ತುತ್ತೂರಿ ಊದುವವನು ನಾನೇ ಆಗಬೇಕು! ಹಾಗೆಂದು ಸೋಮವಾರ ಕನ್ನಡಿಯ ಮುಂದೆ ಶಪಥ ಮಾಡಿದೆ. ಅಡ್ಡ ಬಂದದ್ದು ಒಂದೇ ಒಂದು ಸ್ವರ. ಹಾಡಿನ ಕೊನೆಯ ಆ ಎತ್ತರದ ಸ್ವರ ನನ್ನನ್ನು ಕಂಡರೆ ಮಾಳಿಗೆ ಹತ್ತಿ ಕೂರುತ್ತಿತ್ತು.

"ಮೌತ್‌ಪೀಸ್ ತುಟಿಗೆ ತಾಗಿದ್ರೆ ಸಾಕು ಸ್ವಾಮಿ, ಒತ್ತಬೇಡಿ. ಕೆಲಸ ಉಸಿರಿಂದು," ಎಂದು ಬ್ಯಾಂಡ್ ಮಾಸ್ತರರು ಸಾವಿರ ಸಲ ಹೇಳಿದ್ದರು. ಈ ಸಲ ಇನ್ನೊಂದು ಮಾತು ಸೇರಿಸಿದರು: "ಶುಕ್ರವಾರ ಸಂಜೆ ಫೋನ್ ಮಾಡ್ತೀನಿ, ಆ ಸ್ವರ ಊದಿ ಕೇಳಿಸಿ. ಬಂದ್ರೆ ನೀವು, ಬರದಿದ್ರೆ ಪಾರ್ಸೆಲ್ ಗುಮಾಸ್ತರು."

ಆ ಪಾರ್ಸೆಲ್ ಗುಮಾಸ್ತನೇ? ನನ್ನ ಮೈ ಉರಿದುಹೋಯಿತು. ಇಪ್ಪತ್ತು ವರ್ಷ ಟಪಾಲಿಗೆ ಮುದ್ರೆ ಒತ್ತಿದ ಕೈ ಇದು! ಒತ್ತದೆ ಈ ಲೋಕದಲ್ಲಿ ಯಾವ ಕೆಲಸ ತಾನೇ ಆದೀತು?

ಒತ್ತಿದೆ. ಸ್ವರ ಬರಲಿಲ್ಲ. ಇನ್ನೂ ಒತ್ತಿದೆ. ಶುಕ್ರವಾರ ಕಚೇರಿಯಿಂದ ಬಂದವನೇ ತುತ್ತೂರಿಯ ಅಗಲ ಬಾಯಿಗೆ ದಿಂಬು ಕೊಟ್ಟು, ಬೀರುವಿಗೆ ಆನಿಸಿ, ಇಡೀ ಮೈಭಾರ ಹಾಕಿ ಊದಿದೆ. ಸ್ವರವೊಂದು ಬಿಟ್ಟು ಬೇರೆಲ್ಲ ಬಂತು! ಬೀರು ಅಲುಗಾಡಿತು, ಮೇಲಿದ್ದ ಮೂರು ಸೂಟ್‌ಕೇಸುಗಳು ಧಡಧಡನೆ ಉರುಳಿದವು, ಹೆಂಡತಿ ಓಡಿ ಬಂದಳು. ಅವಳು ಈಜು ಕಲಿಸುವವಳು. ಉಸಿರಿಗೂ ಗಂಟಲಿಗೂ ಬರವಿಲ್ಲ.

"ಏನ್ರೀ ಇದು ನಿಮ್ಮ ಅವತಾರ! ತುಟಿ ನೋಡ್ಕೊಂಡ್ರಾ?"

ನೋಡಿಕೊಂಡೆ. ನಾನು ಊದಿದ್ದು ಸಾಲದೆಂದು ತುಟಿಗಳೂ ಊದಿಕೊಂಡಿದ್ದವು! ಮೇಲೊಂದು ದುಂಡನೆಯ ಅಚ್ಚು, ದಿನಾಂಕವೊಂದೇ ಬಾಕಿ. "ಪರವಾಗಿಲ್ಲ ಬಿಡೇ" ಎನ್ನಹೋದೆ. ಹೊರಬಂದದ್ದು "ಹರವಾಗಿಲ್ಲ ಹಿಡೇ!"

ಅಷ್ಟರಲ್ಲಿ ಫೋನು! ಮಾಸ್ತರರೇ! ಫೋನೆತ್ತಿ, ಇನ್ನೊಂದು ಕೈಯಲ್ಲಿ ತುತ್ತೂರಿ ಹಿಡಿದು, ಅಳುಮೋರೆ ಮಾಡಿಕೊಂಡು ಹೆಂಡತಿಯನ್ನು ನೋಡಿದೆ.

"ಕೊಡಿ ಇಲ್ಲಿ. ದಿನಾ ಒರೆಸಿಡುವಾಗ ನಾನೂ ನಾಲ್ಕು ಸಲ ಊದಿದ್ದೀನಿ," ಎಂದು ಪಿಸುಗುಟ್ಟಿ ಕಸಿದುಕೊಂಡಳು. ಹೂವು ಮೂಸುವಷ್ಟು ಹಗುರವಾಗಿ ತುಟಿಗಿಟ್ಟು, ಹೊಟ್ಟೆ ತುಂಬ ಉಸಿರೆಳೆದು ಊದಿದಳು. ಅಬ್ಬಬ್ಬಾ! ಅದೇ ಸ್ವರ! ಎತ್ತರದ್ದು, ತೊಳೆದಿಟ್ಟಂಥದ್ದು! ನಾನು ಸೂಟ್‌ಕೇಸುಗಳ ನಡುವೆಯೇ ಕುಣಿದಾಡಿಬಿಟ್ಟೆ. ಗೆದ್ದೆ! ಪಾರ್ಸೆಲ್ ಗುಮಾಸ್ತ ಮಣ್ಣುಮುಕ್ಕಿದ!

"ಭೇಷ್! ಭೇಷ್!" ಎಂದರು ಮಾಸ್ತರರು. "ಎಳ್ಳಷ್ಟೂ ಒತ್ತಿಲ್ಲ!"

"ಹೌದು ಸಾರ್!" ಎಂದು ಬೀಗಿದೆ.

"ಒತ್ತಿಲ್ಲ ಅಂದ್ಮೇಲೆ ಅದು ನೀವಂತೂ ಅಲ್ಲ. ಊದಿದವರಿಗೆ ಫೋನ್ ಕೊಡಿ ಸ್ವಾಮಿ, ಭಾನುವಾರ ಬಿಡುವಿದೆಯಾ ಅಂತ ಕೇಳ್ಬೇಕು."