ಮಿಡಿ ಬಂದ ವಾರ

ಯಾವುದನ್ನೂ ಮುಗಿಸದೆ ಬದುಕಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ ನನ್ನನ್ನು ತೋರಿಸಬಹುದು. ನನ್ನ ಬೀರುವಿನಲ್ಲಿ ಒಂದೇ ತೋಳಿನ ಸ್ವೆಟರ್ ಇದೆ. ಹಲಸೂರಿನ ಅಂಗಡಿಗಳ ಬೋರ್ಡು ನೋಡಿ ನೋಡಿ ತಮಿಳು ಅಕ್ಷರ ಕಲಿಯಲು ಹೊರಟವಳು ಅರ್ಧ ವರ್ಣಮಾಲೆಗೆ ನಿಂತೆ. ಹಾಗಾಗಿ ಇವತ್ತಿಗೂ ಕೆಲವು ಅಂಗಡಿಗಳ ಹೆಸರು ನನಗೆ ಅರ್ಧ ಮಾತ್ರ ಗೊತ್ತು. ಇಂಥವರನ್ನು ಜನ ಸೋಮಾರಿಗಳು ಎನ್ನುತ್ತಾರೆ. ತಪ್ಪು. ಸೋಮಾರಿ ಶುರುವನ್ನೇ ಮಾಡುವುದಿಲ್ಲ, ನೆಮ್ಮದಿಯಾಗಿ ಮಲಗುತ್ತಾನೆ. ನಮಗೆ ಆ ನೆಮ್ಮದಿಯೂ ಇಲ್ಲ. ಒಂದು ಕೆಲಸದ ಕುತ್ತಿಗೆ ಹಿಡಿದಿರುವಾಗಲೇ ಇನ್ನೊಂದು ಕೆಲಸ ಸೆರಗು ಜಗ್ಗುತ್ತಿರುತ್ತದೆ.

ಸಂಗೀತದಲ್ಲೂ ಇದೇ ಪಾಡು. ನನ್ನ ಬಳಿ ಮೂರು ಸಿಂಥಸೈಜರ್‌ಗಳಿವೆ, ಒಂದು ಡ್ರಮ್ ಮಷೀನ್ ಇದೆ. ಹನ್ನೊಂದು ವರ್ಷಗಳಿಂದ ನಾಲ್ಕು ನಾಲ್ಕು ಆವರ್ತದ ತುಣುಕುಗಳನ್ನು ಕಟ್ಟುತ್ತೇನೆ, ಅದನ್ನೇ ಸುತ್ತಿಸಿ ಸುತ್ತಿಸಿ ಕೇಳುತ್ತೇನೆ, ಆಮೇಲೆ ಇನ್ನೊಂದು ತುಣುಕು. ಒಂದು ಹಾಡೂ ಕೊನೆ ಕಂಡಿಲ್ಲ. ಇದು ನನ್ನ ಖಾಸಗಿ ಕಾಯಿಲೆಯಾಗಿ ಉಳಿಯುತ್ತಿತ್ತೇನೋ, ಆದರೆ ಈ ವಾದ್ಯಗಳೆಲ್ಲ ಇದ್ದದ್ದು ಮನೆಯ ಊಟದ ಮೇಜಿನ ಮೇಲೆ. ಗಂಡ ಮಂಜುನಾಥರು ಸೋಫಾದಲ್ಲಿ ಕೂತು ಉಣ್ಣುತ್ತಿದ್ದರು, ನಾನು ನಿಂತೇ ಉಣ್ಣುತ್ತಿದ್ದೆ. ಅತ್ತೆಗೆ ಮಂಡಿನೋವು, ನೆಲಕ್ಕೆ ಕೂರಲಾಗದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ತುತ್ತಿಗೂ ಒಮ್ಮೆ ಮೇಜಿನ ಕಡೆ ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇರುವುದರಲ್ಲಿ ಅವರಿಗೆ ಒಳ್ಳೆಯ ಸಾಧಕವಿದೆ.

ಹಾಡು ಮುಗಿಯದಿರಲು ಕಾರಣ ನಾನಲ್ಲ, ನನ್ನ ಬಳಿ ಸೀಕ್ವೆನ್ಸರ್ ಇಲ್ಲದಿರುವುದು ಎಂದು ಈ ವರ್ಷ ಕಂಡುಕೊಂಡೆ. ಸೀಕ್ವೆನ್ಸರ್‌ಗೆ ಸ್ವಂತ ದನಿ ಇಲ್ಲ. ಮದುವೆಮನೆಯಲ್ಲಿ ಕುರ್ಚಿ ಬಿಟ್ಟೇಳದೆ 'ಎಲೆ ಹಾಕು, ಪಲ್ಯ ಬಡಿಸು, ಪಾಯಸ ಈಗಲೇ ಬೇಡ' ಎಂದು ಅಪ್ಪಣೆ ಕೊಡುವ ದೊಡ್ಡಮ್ಮ ಇರುತ್ತಾರಲ್ಲ, ಆ ಥರ. ಉಳಿದ ವಾದ್ಯಗಳ ನಡುವೆ ಕೂತು, ಯಾರು ಯಾವಾಗ ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸಬೇಕೆಂದು ಹೇಳುತ್ತದೆ. ಆ ಅಪ್ಪಣೆಗಳು ಹೋಗುವ ಭಾಷೆಗೆ ಮಿಡಿ ಎಂದು ಹೆಸರು. ಕಂಪ್ಯೂಟರಿನಲ್ಲೂ ಇದನ್ನು ಮಾಡಬಹುದು. ಆದರೆ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವವಳಿಗೆ ಮನೆಯಲ್ಲೂ ಅದರ ಮುಖ ನೋಡುವ ಆಸೆ ಇರಲಿಲ್ಲ. ಗುಂಡಿಗಳಿರುವ ಪೆಟ್ಟಿಗೆಯನ್ನೇ ತರಿಸಿದೆ. ಸೋಮವಾರ ಗಂಡನಿಗೆ, "ರೀ, ಗುರುವಾರ ನನ್ನ ಮಿಡಿ ಬರುತ್ತೆ, ಮನೇಲಿರ್ತೀರಾ?" ಎಂದು ಕೇಳಿದೆ. ಅಡುಗೆಮನೆಯಲ್ಲಿ ಅತ್ತೆ ಇದ್ದರು. ಅದು ಮಾವಿನ ಕಾಲ.

ಬಾಣಸವಾಡಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ತೋಟ ಮಾಡಿಕೊಂಡಿದ್ದ ಮನೆಯವರು ನಮ್ಮ ಅತ್ತೆ. ಮಿಡಿ ಎಂಬ ಮಾತಿಗೆ ಅವರ ಮಟ್ಟಿಗೆ ಒಂದೇ ಅರ್ಥ, ಅದಕ್ಕೆ ಉಪ್ಪು ಬೀಳಬೇಕು. ಗುರುವಾರದ ಹೊತ್ತಿಗೆ ಅಟ್ಟದ ಜಾಡಿ ಇಳಿದು, ತೊಳೆಸಿಕೊಂಡು, ಬಿಸಿಲಲ್ಲಿ ಒಣಗಿತ್ತು. ಉಪ್ಪು ಹುರಿದಾಗಿತ್ತು. ಕೆ.ಆರ್. ಪುರದ ತಂಗಿಗೆ, ಅಂದರೆ ನನ್ನ ಚಿಕ್ಕತ್ತೆಗೆ, ಭಾನುವಾರ ಉಪ್ಪಿನಕಾಯಿ ಹಾಕಲು ಬಾ ಎಂದು ಫೋನೂ ಹೋಗಿತ್ತು. ಸಂಜೆ ನಾನು ಕೆಲಸದಿಂದ ಬಂದ ಮೇಲೆ ಕೊರಿಯರ್ ಬಂತು. ಅತ್ತೆಯೇ ಪೆಟ್ಟಿಗೆ ಎತ್ತಿ ನೋಡಿದರು.

"ಇಷ್ಟ್ ಹಗೂರ ಐತಲ್ಲಮ್ಮಿ, ಎಷ್ಟ್ ಮಿಡಿ ಐತೆ ಇದ್ರಲ್ಲಿ?"

"ಒಂದೇ ಅತ್ತೆ."

"ಒಂದ್ ಮಿಡೀನ ಪಾರ್ಸೆಲ್ ಮಾಡ್ತಾರಾ?"

ಬಿಚ್ಚಿದೆ. ಬೂದು ಬಣ್ಣದ ಪೆಟ್ಟಿಗೆ, ಅದರ ತುಂಬ ಗುಂಡಿ. ಅತ್ತೆ ಒಂದು ಗುಂಡಿಯನ್ನು ಉಗುರಿನಿಂದ ಒತ್ತಿ ನೋಡಿದರು. "ಇದನ್ನ ಹೋಳು ಮಾಡಿ ಹಾಕಾಣ್ವ, ಇಡಿಯಾಗೇ ಹಾಕಾಣ್ವ?" ಎಂದರು. ನಾನು ನಕ್ಕೆ. ನಗಬಾರದಿತ್ತು. ತಂಗಿಯನ್ನು ಬಾ ಎಂದು ಕರೆದು ಬರಬೇಡ ಎನ್ನುವುದು ಅವರ ಕಡೆ ಇಲ್ಲ. ಗಂಡನಿಗೆ ರಸೆಲ್ ಮಾರ್ಕೆಟ್ಟಿನಿಂದ ಮಾವಿನ ಮಿಡಿ ತರುವಂತೆ ಹುಕುಂ ಆಯಿತು. ಆಮೇಲೆ, ಹನ್ನೊಂದು ವರ್ಷ ಅನ್ನದೆ ಇಟ್ಟುಕೊಂಡದ್ದನ್ನು ಅತ್ತೆ ಅಂದರು.

"ಇದ್ರಲ್ಲಿ ಸುರುವಾಯ್ತದೆ, ಸುರುವಾಗಿದ್ದೇ ಸುರುವಾಯ್ತದೆ. ಒಂದ್ ಹಾಡು ಪೂರ್ತಿ ಕೇಳಿಲ್ಲ ನಾನು. ಭಾನ್ವಾರ ನಿನ್ ಚಿಕ್ಕತ್ತೆ ಮುಂದೆ ಒಂದ್ ಹಾಡು ಸುರುವಿಂದ ಕೊನೇಗಂಟ ಆಗ್ಬೇಕು. ಆದ್ರೆ ಮೇಜು ನಿಂದು, ನಾವು ಮಿಡೀನ ಮಂಚದ್ ಮೇಲೆ ಹರವ್ಕೊತೀವಿ. ಆಗ್ನಿಲ್ಲ, ಮೇಜು ನಂದು. ನಿನ್ ಪೆಟ್ಗೆಗಳು ಅಟ್ಟಕ್ಕೆ."

ಗಂಡನ ಕಡೆ ನೋಡಿದೆ. ಅವರು ಕ್ಯಾಲೆಂಡರಿನಲ್ಲಿ ಭಾನುವಾರ ಇದೆಯೇ ಎಂದು ಪರೀಕ್ಷಿಸುತ್ತಿದ್ದರು.

ಶುಕ್ರವಾರ, ವಾದ್ಯಗಳನ್ನು ಸೀಕ್ವೆನ್ಸರ್‌ಗೆ ಜೋಡಿಸುವ ಮಿಡಿ ಕೇಬಲ್ಲಿಗೆ ಶಿವಾಜಿನಗರಕ್ಕೆ ಹೋದೆ. ಜೋರು ಮಳೆ ಎಂದು ಬರೆಯಲು ಕೈ ತುಡಿಯುತ್ತಿದೆ. ನನ್ನ ನೆನಪು ಯಾವಾಗಲೂ ಕಷ್ಟದ ದಿನಕ್ಕೆ ಒಂದು ಮಳೆ ಸೇರಿಸುತ್ತದೆ. ಮಳೆ ಇರಲಿಲ್ಲ. ಬೆವರಿತ್ತು. ಮೊದಲ ಅಂಗಡಿಯಲ್ಲಿ ಮಿಡಿ ಇದೆಯಾ ಎಂದು ಕೇಳಿದೆ. "ಲೇಡೀಸ್ ಐಟಂ ಮುಂದಿನ ಗಲ್ಲಿ ಮೇಡಂ. ಯಾರಿಗೆ, ಬೇಟಿಗಾ?" ಎಂದ ಅಂಗಡಿಯವ. ಮಿಡಿ ಎಂದರೆ ಅಲ್ಲಿ ಹೆಣ್ಣುಮಕ್ಕಳ ಮಂಡಿಮಟ್ಟದ ಲಂಗ. "ಅಲ್ಲಪ್ಪ, ಐದು ಪಿನ್ ಇರೋದು" ಎಂದೆ. "ಪಿನ್ನು ಅವ್ರೇ ಹಾಕಿ ಕೊಡ್ತಾರೆ, ಫ್ರೀ." ನಾಲ್ಕನೆಯ ಅಂಗಡಿಯಲ್ಲಿ, ಆರ್ಕೆಸ್ಟ್ರಾದವರ ಕೀಬೋರ್ಡು ರಿಪೇರಿ ಮಾಡುವ ಒಬ್ಬ ವಯಸ್ಸಾದ ಭಾಯ್ ಸಿಕ್ಕರು. ನಾಲ್ಕು ಕೇಬಲ್ ಬೆಸುಗೆ ಹಾಕಿ ಕೊಟ್ಟು, "ಕೀಬೋರ್ಡಿಂದು ಅನ್ಬೇಕು ಅಮ್ಮಾ. ಬರೀ ಮಿಡಿ ಅಂದ್ರೆ ಈ ಗಲ್ಲೀಲಿ ನಿಮ್ಗೆ ಅಳತೆ ತಗೊಂಡ್ಬಿಡ್ತಾರೆ" ಎಂದರು.

ಶನಿವಾರ ಎಲ್ಲವನ್ನೂ ಜೋಡಿಸಿದೆ. ಸೀಕ್ವೆನ್ಸರ್ ನಡುವೆ, ಉಳಿದವು ಸುತ್ತ. ಶುರುವಿನಲ್ಲಿ ಎಲ್ಲವೂ ಒಟ್ಟಿಗೆ ಹೆಜ್ಜೆ ಹಾಕಿದವು, ಎಂಟು ಆವರ್ತ ಕಳೆಯುವಷ್ಟರಲ್ಲಿ ಡ್ರಮ್ ಮಷೀನ್ ತಾನೇ ಮುಂದೆ ಹೋಗಿತ್ತು. ಅರ್ಧ ದಿನ ಕೇಬಲ್ ಕಿತ್ತು ಹಾಕಿ, ಭಾಯ್ ಅವರನ್ನು ಮನಸ್ಸಿನಲ್ಲೇ ಬೈದು, ಕೊನೆಗೆ ಗೊತ್ತಾಯಿತು: ಡ್ರಮ್ ಮಷೀನ್ ತನ್ನ ಒಳಗಿನ ಗಡಿಯಾರವನ್ನೇ ನಂಬಿಕೊಂಡಿತ್ತು, ಸೀಕ್ವೆನ್ಸರ್‌ನ ಮಾತು ಕೇಳುತ್ತಲೇ ಇರಲಿಲ್ಲ. ಸಾರಿಗೆ ನಾನೂ ಉಪ್ಪು ಹಾಕಿ, ಅತ್ತೆಯೂ ಹಾಕುವ ಮನೆಯಲ್ಲಿದ್ದುಕೊಂಡು ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ನುಡಿಸಿ ತುಂಬಿಸತೊಡಗಿದೆ. ಈ ಪೆಟ್ಟಿಗೆಯಲ್ಲಿ ಕ್ವಾಂಟೈಸ್ ಎಂಬ ಗುಂಡಿಯಿದೆ. ತಡವಾಗಿ ಬಿದ್ದ ಬೆರಳನ್ನೂ ಆತುರದಲ್ಲಿ ಬಿದ್ದ ಬೆರಳನ್ನೂ ಹಿಡಿದು ಸಾಲಿನಲ್ಲಿ ನಿಲ್ಲಿಸುತ್ತದೆ. ಒತ್ತಿ ಕೇಳಿದೆ. ಎಲ್ಲ ಸರಿಯಾಗಿತ್ತು, ನಾನು ಮಾತ್ರ ಅದರಲ್ಲಿ ಇರಲಿಲ್ಲ. ಅತ್ತೆ ಆಗಾಗ ಹೇಳುವ ಬಾಣಸವಾಡಿಯ ತೋಟದ ನೆನಪುಗಳಲ್ಲಿ ಬಾವಿ ಒಮ್ಮೆ ಮೂಡಲಿಗಿರುತ್ತದೆ, ಒಮ್ಮೆ ಪಡುವಲಿಗೆ. ಮೊದಲೆಲ್ಲ ಅವರನ್ನು ತಿದ್ದುತ್ತಿದ್ದೆ. ಈಗ, ಬಾವಿ ಓಡಾಡುವ ತೋಟವನ್ನೇ ಹೆಚ್ಚು ನಂಬುತ್ತೇನೆ. ಪ್ರತಿ ಸಲವೂ ಒಂದೇ ಕಡೆ ಇರುವ ಬಾವಿಯನ್ನು ಯಾರೋ ಬಾಯಿಪಾಠ ಮಾಡಿರುತ್ತಾರೆ. ಕ್ವಾಂಟೈಸ್ ತಿದ್ದಿದ್ದನ್ನೆಲ್ಲ ತೆಗೆದುಹಾಕಿದೆ. ತಪ್ಪುಗಳ ಸಮೇತ ಒಂಬತ್ತು ತುಣುಕುಗಳನ್ನು ಒಂದರ ಹಿಂದೆ ಒಂದು ಪೋಣಿಸಿದೆ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ನನ್ನ ಹಾಡಿಗೊಂದು ನಡುಭಾಗ ಬಂತು. ಪೂರ್ತಿ ಕೇಳಲು ಧೈರ್ಯವಾಗಲಿಲ್ಲ.

ಭಾನುವಾರ ಹತ್ತು ಗಂಟೆಗೆ ಚಿಕ್ಕತ್ತೆ ಖಾರದಪುಡಿಯ ಡಬ್ಬಿಯೊಂದಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. "ಏನಕ್ಕಾ, ಸೊಸೆ ಹಾಡ್ತಾಳಂತೆ?"

"ಹಾಡಲ್ಲ. ಒತ್ತುತಾಳೆ," ಎಂದರು ಅತ್ತೆ.

ಒತ್ತಿದೆ. ಶುರುವಾಯಿತು. ಕೇಳಲು ಚೆನ್ನಾಗಿಯೇ ಇತ್ತು, ಆದರೆ ನನ್ನ ಎರಡು ಕೈಗೂ ಕೆಲಸವಿರಲಿಲ್ಲ. ಸೊಂಟದ ಮೇಲಿಟ್ಟೆ, ಕಟ್ಟಿಕೊಂಡೆ, ಹಿಂದೆ ಅಡಗಿಸಿದೆ.

"ಇವ್ಳ್ಯಾಕೆ ಸುಮ್ಕೆ ನಿಂತವ್ಳೆ?" ಎಂದು ಚಿಕ್ಕತ್ತೆ ಪಿಸುಗುಟ್ಟಿದ್ದು ಬೀದಿಗೂ ಕೇಳಿಸಿತು.

"ಎಲ್ಲಾ ನಿನ್ನೇನೇ ಬಾರಿಸಿ ಇಟ್ಟಿದ್ದಾಳೆ ಚಿಕ್ಕಮ್ಮ," ಎಂದರು ಗಂಡ.

"ಹಂಗಾರೆ ತಂಗ್ಳು ಅನ್ನು."

ನಡುಭಾಗ ಬಂತು, ಹೋಯಿತು. ಕೊನೆಯ ತುಣುಕು ಬಂತು. ಅತ್ತೆ ನೆಟ್ಟಗೆ ಕೂತರು. ಕೊನೆಯ ತುಣುಕು ಮುಗಿದು, ಮತ್ತೆ ಕೊನೆಯ ತುಣುಕೇ ಬಂತು. ಎರಡನೆಯ ಸಲ ಅದು ಬೇಕೆಂದೇ ಮಾಡಿದ ಹಾಗಿತ್ತು. ಮೂರನೆಯ ಸಲ ನನಗೆ ಅರ್ಥವಾಯಿತು. ಕೊನೆಯ ತುಣುಕಿನ ಮುಂದೆ 'ಎಂಡ್' ಎಂದು ಇಡಬೇಕಿತ್ತು. ಹನ್ನೊಂದು ವರ್ಷದ ಅಭ್ಯಾಸದಲ್ಲಿ ಬೆರಳು ತಾನಾಗಿ 'ಲೂಪ್' ಎಂದು ಇಟ್ಟುಬಿಟ್ಟಿತ್ತು. ನಿಲ್ಲಿಸುವ ಗುಂಡಿ ಕೈಗೆಟಕುವಷ್ಟು ಹತ್ತಿರವಿತ್ತು. ಆದರೆ ನಿಲ್ಲಿಸುವುದು ಬೇರೆ, ಮುಗಿಯುವುದು ಬೇರೆ. ಒತ್ತಿದರೆ ಮೇಜು ಹೋಯಿತು. ಒತ್ತದಿದ್ದರೆ ಹಾಡು ಇನ್ನೂ ನಡೆಯುತ್ತಿದೆ ಎಂದಾದರೂ ಹೇಳಬಹುದು. ಏಳನೆಯ ಸಲಕ್ಕೆ ಚಿಕ್ಕತ್ತೆ, ಗಂಡ ತಂದಿಟ್ಟಿದ್ದ ಬುಟ್ಟಿಯಿಂದ ಎತ್ತಿಕೊಂಡು, ತಾಳಕ್ಕೆ ಸರಿಯಾಗಿ ಮಿಡಿಯ ತೊಟ್ಟು ಮುರಿಯತೊಡಗಿದ್ದರು. ಹದಿನೈದನೆಯ ಸಲಕ್ಕೆ ಅರ್ಧ ಬುಟ್ಟಿ ಆಗಿತ್ತು.

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಮೇಜಿನ ಹತ್ತಿರ ಬಂದರು. "ಇದ್ರಲ್ಲಿ ಸಾಕು ಅನ್ನೋ ಗುಂಡಿ ಯಾವ್ದು?"

ತೋರಿಸಿದೆ. ಒತ್ತಿದರು. ಎಲ್ಲವೂ ನಿಂತಿತು, ಒಂದು ಸಿಂಥಸೈಜರ್‌ನ ದನಿ ಮಾತ್ರ ಸಣ್ಣಗೆ, ಇನ್ನೂ ಸಣ್ಣಗೆ ಎಳೆದುಕೊಂಡು ಹೋಗಿ ಇಲ್ಲವಾಯಿತು. ನಾನು ಕೇಳಿದ ನನ್ನ ಮೊದಲ ಕೊನೆ ಅದು.

"ಚೆಂದಾಗಿತ್ತು ಕಣಮ್ಮಿ," ಎಂದರು ಚಿಕ್ಕತ್ತೆ. "ಕೊನೆ ಭಾಳ ಚೆಂದಾಗಿತ್ತು."

"ಸುರುವಿಂದ ಕೊನೇಗಂಟ ಆಯ್ತು ಅತ್ತೆ," ಎಂದೆ, ನಾಚಿಕೆ ಬಿಟ್ಟು.

"ಆಯ್ತು. ಇಲ್ಲ ಅನ್ನಲ್ಲ. ಸುರು ಮಾಡಿದ್ದು ನೀನು, ಮುಗಿಸಿದ್ದು ನಾನು," ಎಂದು ಅತ್ತೆ ಡ್ರಮ್ ಮಷೀನನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಮೇಜು ಮುಗಿಸ್ದೋರ್ದು."

ಮಧ್ಯಾಹ್ನದ ಹೊತ್ತಿಗೆ ಮೇಜಿನ ತುಂಬ ಬಿಳಿ ಪಂಚೆ, ಪಂಚೆಯ ತುಂಬ ಮಿಡಿ. ಒಂದು ಮೂಲೆಯಲ್ಲಿ ಅತ್ತೆ ತಟ್ಟೆ ಇಟ್ಟುಕೊಂಡು, ಎರಡೂ ಮೊಣಕೈ ಊರಿ, ಆರಾಮವಾಗಿ ಊಟ ಮಾಡಿದರು. ನೋಡಿ ನನಗೆ ಹೊಟ್ಟೆ ಉರಿಯಬೇಕಿತ್ತು. ಉರಿಯಿತು ಕೂಡ, ಆದರೆ ಎರಡನೆಯ ಸಲ ಅನ್ನ ಬಡಿಸಲು ಎದ್ದವಳೂ ನಾನೇ.

ಈ ಪ್ರಸಂಗವನ್ನು ಆಫೀಸಿನಲ್ಲಿ ಮೂವರಿಗೆ ಹೇಳಿದ್ದೇನೆ. ಮೂರು ಸಲವೂ ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತಿದವಳು ನಾನು. ಇಲ್ಲಿ ಮಾತ್ರ ನಿಜ ಬರೆಯಬೇಕಾಯಿತು, ಏಕೆಂದರೆ ನಾನು ಬರೆದದ್ದನ್ನು ಅತ್ತೆ ಕನ್ನಡಕ ಹಾಕಿಕೊಂಡು ಓದುತ್ತಾರೆ. ಇಲ್ಲಿಯವರೆಗೆ ಓದಿ, "ಎಲ್ಲಾ ಸರಿಯಾಗೇ ಬರ್ದಿದ್ದೀಯ. ಕೊನೆ ಎಲ್ಲಿ? ಇದ್ನೂ ನಾನೇ ಮುಗಿಸ್ಕೊಡ್ಬೇಕಾ?" ಎಂದು ಕೇಳಿದರು. ಬೇಡ ಅತ್ತೆ, ಇದೊಂದನ್ನು ನಾನೇ ಮುಗಿಸುತ್ತೇನೆ ಎಂದೆ. ಅದಾಗಿ ಮೂರು ವಾರವಾಯಿತು.